ಬಕೇಟಿನ ಸಮುದ್ರ

ಐವತ್ತು ತುಂಬುವ ತನಕ ವೈಜನಾಥ ಸಮುದ್ರವನ್ನು ಕಣ್ಣಿಂದ ನೋಡಿದವನಲ್ಲ. ಹುಟ್ಟಿದ್ದು ಭಾಲ್ಕಿ ಕಡೆ, ಬದುಕು ಕಟ್ಟಿಕೊಂಡದ್ದು ಹೈದರಾಬಾದಿನಲ್ಲಿ. ಎರಡಕ್ಕೂ ಸಮುದ್ರಕ್ಕೂ ಎತ್ತಣ ಸಂಬಂಧ, ನೀವೇ ಹೇಳಿ! ಅಂಥ ಮನುಷ್ಯ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಸಮುದ್ರಕ್ಕೆ ಬಿದ್ದರೆ ಹೆಸರಿಲ್ಲದಂತೆ ಹೋಗುವ ಚೀಲ ಮಾಡುತ್ತೇನೆಂದು ಕೂತರೆ ಓಣಿಯವರು ಸುಮ್ಮನೆ ಬಿಟ್ಟಾರೆಯೇ? ಆಡಿಕೊಂಡು ನಕ್ಕರು. ಕ್ವಾರ್ಟರ್ಸಾದರೂ ಅವನದಲ್ಲ, ಕಾಚಿಗೂಡ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಹೆಂಡತಿ ಗುರುದೇವಿಯದು. ಆಕೆಯೂ ನಗುತ್ತಿದ್ದಳು. ಆದರೆ ಶೆಡ್ಡಿನ ಬಲ್ಬು ಹೋದರೆ ಹೊಸದು ತಂದು ಹಾಕುತ್ತಿದ್ದವಳೂ ಆಕೆಯೇ.

ವೈಜನಾಥ ಪಟಾನ್‌ಚೆರುವಿನ ಒಂದು ಕ್ಯಾಪ್ಸೂಲ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಔಷಧದ ಪುಡಿ ತುಂಬುವ ಆ ಬಣ್ಣಬಣ್ಣದ ಪುಟ್ಟ ಡಬ್ಬಿಗಳನ್ನು ಮಾಡುವ ಕೆಲಸ. ಎಲುಬಿನಿಂದ ತೆಗೆದ ಅಂಟಿನಲ್ಲಿ ಅವು ಆಗುತ್ತವೆ ಎಂಬ ಸಂಗತಿಯನ್ನು, ಕೊರಳಲ್ಲಿ ಲಿಂಗ ಕಟ್ಟಿದ ತಾಯಿಗೆ ಆಕೆ ಬದುಕಿರುವ ತನಕ ಹೇಳಲಿಲ್ಲ. ಫ್ಯಾಕ್ಟರಿ ಅವನಿಗೆ ರೊಟ್ಟಿಯ ಜತೆಗೆ ಸ್ವಚ್ಛತೆಯ ಹುಚ್ಚನ್ನೂ ಹಚ್ಚಿಬಿಟ್ಟಿತ್ತು. ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಮೊಣಕೈ ತನಕ ಸೋಪು, ಕುದಿಸಿ ಸೋಸಿದ ನೀರು. ಮನೆಯಲ್ಲೂ ಅದೇ ರಗಳೆ. ಬಿಸಿನೀರು ಹೊಯ್ಯದೆ ಚಹಾದ ಕಪ್ಪು ಮುಟ್ಟುತ್ತಿರಲಿಲ್ಲ. "ನಾ ಗಂಡನ್ನ ಲಗ್ನಾಗೇನೋ, ದವಾಖಾನೀನ ಲಗ್ನಾಗೇನೋ ತಿಳೀವಲ್ದು," ಎಂದು ಗುರುದೇವಿ ನೆರೆಯವರನ್ನು ನಗಿಸುತ್ತಿದ್ದಳು.

ಹೈಟೆಕ್ ಸಿಟಿಯ ಕಡೆ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೊಂದು ಏಳುತ್ತಿದ್ದ ದಿನಗಳವು. ಊರಿಗೆ ಕೆಲಸ ಬಂತು, ಕೆಲಸದ ಹಿಂದೆ ಸಾಮಾನು ಬಂತು, ಸಾಮಾನಿನ ಹಿಂದೆ ರಾಶಿ ರಾಶಿ ಪ್ಲಾಸ್ಟಿಕ್ ಕವರು ಬಂತು. ಒಂದು ಮಳೆಗಾಲ ಓಣಿಯ ನಾಲಾ ಉಕ್ಕಿ ಮೊಣಕಾಲುದ್ದ ನೀರು ಮನೆಗೆ ನುಗ್ಗಿತು. ನೀರು ಇಳಿದ ಮೇಲೆ ನೋಡಿದರೆ ಮಂಚದ ಕಾಲಿಗೆ, ಬಾಗಿಲ ಚಿಲಕಕ್ಕೆ, ದೇವರ ಜಗಲಿಗೆ, ಎಲ್ಲೆಲ್ಲೂ ಕವರೇ ಕವರು.

"ನಮ್ಮ ಮನ್ಯಾಗ ಸಿಕ್ಕೊಂಡಿದ್ದು ಇಷ್ಟು. ಉಳಿದದ್ದು ಎಲ್ಲಿಗೆ ಹೋತು?" ಎಂದು ವೈಜನಾಥ ಕೇಳಿದ.

"ಮೂಸಿ ಹೊಳಿಗೆ, ಅಲ್ಲಿಂದ ಕೃಷ್ಣಾಕ್ಕ, ಅಲ್ಲಿಂದ ಸಮುದ್ರಕ್ಕ. ಮತ್ತೆಲ್ಲಿಗೆ ಹೋಗ್ಬೇಕ್ರಿ?" ಎಂದಳು ಗುರುದೇವಿ, ಕಸಬರಿಗೆ ನಿಲ್ಲಿಸದೆ.

ಆಕೆ ಹೇಳಿ ಮರೆತಳು. ಅವನ ತಲೆಯಲ್ಲಿ ಅದು ಹೊಕ್ಕು ಕೂತಿತು. ಹೊಟ್ಟೆಯಲ್ಲಿ ಕರಗುವ ಡಬ್ಬಿ ಮಾಡುವವರು ನಾವು, ನೀರಿನಲ್ಲಿ ಕರಗುವ ಚೀಲ ಮಾಡಲಿಕ್ಕೆ ಏನು ಧಾಡಿ? ಫ್ಯಾಕ್ಟರಿಗೆ ಸಂಬಳವಿಲ್ಲದ ರಜೆ ಹಾಕಿದ. ಸಂಕ್ರಾಂತಿಗೆ ವಾಪಸ್ ಬಂದರೆ ಸರಿ, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದು ಅವರು ಖಡಕ್ಕಾಗಿ ಹೇಳಿ ಕಳಿಸಿದರು.

ಎಲುಬಿನ ಅಂಟಿನ ಸಹವಾಸ ಬೇಡವೇ ಬೇಡ ಎಂದು ಜೋಳದ ಗಂಜಿಗೆ ಹುಣಸೆಬೀಜದ ಅಂಟು ಕಲಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ ಒಣಗಿಸಿದ. ಮೊದಮೊದಲು ಹಪ್ಪಳದಂತೆ ಪಟಪಟ ಮುರಿಯಿತು. ಆಮೇಲೆ ಅಂಟಂಟಾಯಿತು. ಗಂಜಿ ಕುದಿಸಿ ಕುದಿಸಿ ಮನೆಯ ಗೋಡೆಗೂ ಅದೇ ವಾಸನೆ ಹಿಡಿಯಿತು. ದಸರೆಯ ಹೊತ್ತಿಗೆ ಕಡೆಗೂ ಅಕ್ಕಿ ಬೇಳೆ ಹೊತ್ತು ಹರಿಯದ ಚೀಲ ಕೈಗೆ ಬಂತು. ಹೈಟೆಕ್ ಸಿಟಿಯ ದೊಡ್ಡ ಕ್ಯಾಂಟೀನೊಂದರ ಮ್ಯಾನೇಜರ್ ಮೋಹನ, ರಾಯಚೂರಿನ ಹುಡುಗ, ಶೆಡ್ಡಿಗೆ ಬಂದು ಚೀಲವನ್ನು ಜಗ್ಗಿ ಎಳೆದು ನೋಡಿ ಕುಣಿದಾಡಿದ.

"ಕಾಕಾ, ಭಾರಿ ಮಾಡೀರಿ! ಸಮುದ್ರದಾಗ ಕರಗತೈತಿ ಅಂತ ಇದರ ಮ್ಯಾಲ ಅಚ್ಚು ಹಾಕ್ಸೂನು. ನಮ್ಮ ಕ್ಯಾಂಟೀನಿಗೆಲ್ಲಾ ಇದ ಚೀಲ. ನೀವು ಹೂಂ ಅನ್ರಿ, ಸಾಕು."

ಆ ಹೂಂ ವೈಜನಾಥನ ಬಾಯಿಂದ ಬರಲಿಲ್ಲ. ಯಾಕೆಂದರೆ ಶೆಡ್ಡಿನ ಮೂಲೆಯಲ್ಲಿ ಒಂದು ಬಕೇಟಿತ್ತು. ಕುದಿಸಿ ಸೋಸಿ ಆರಿಸಿದ ನೀರಿಗೆ ಉಪ್ಪು ಹಾಕಿ, ಮೇಲೊಂದು ಶುಭ್ರ ಬಟ್ಟೆ ಕಟ್ಟಿ, ಅವನು ತನಗೆ ತಾನೇ ಮಾಡಿಕೊಂಡ ಸಮುದ್ರವದು. ಅದರಲ್ಲಿ ಮುಳುಗಿಸಿದ ಚೀಲ ಎಷ್ಟು ದಿನವಾದರೂ ಜಗ್ಗಲಿಲ್ಲ. ನೆನೆದು ಮೆತ್ತಗಾಯಿತು, ಅಷ್ಟೇ. ಕರಗಲೂ ಇಲ್ಲ, ಕೊಳೆಯಲೂ ಇಲ್ಲ.

"ಸುಳ್ಳ ಹೇಳಿ ಮಾರೂದಾದ್ರ ಮೊದಲಿನ ಕವರು ಏನ್ ತಪ್ಪ ಮಾಡಿತ್ತಪಾ?" ಎಂದು ಮೋಹನನಿಗೆ ಹೇಳಿ, ಸಂಕ್ರಾಂತಿ ತನಕ ತಡಿ ಎಂದ. ಅಷ್ಟರೊಳಗೆ ಆಗಲಿಲ್ಲವೋ, ಮತ್ತೆ ಟೋಪಿ ಹಾಕಿಕೊಂಡು ಪಟಾನ್‌ಚೆರುವಿನ ಬಸ್ಸು ಹತ್ತಬೇಕು, ಚೀಲದ ಹೆಸರೆತ್ತಬಾರದು. ಆ ವಾರ ಅವನು ಮುಸುಕೆಳೆದು ಮಲಗಿಬಿಟ್ಟ.

ಗುರುದೇವಿ ಎರಡು ದಿನ ನೋಡಿದಳು, ಮೂರನೇ ದಿನ ಸಿಟ್ಟಿಗೆದ್ದಳು. "ಏಳ್ರಿ ಮ್ಯಾಲೆ! ಸಮುದ್ರಾ ನೋಡದ ಸಮುದ್ರದ ಚೀಲ ಮಾಡಾಕತ್ತೀರಿ. ನಡೀರಿ, ಒಮ್ಮೆ ಅದರ ಮಾರಿ ಆದ್ರೂ ನೋಡಿ ಬರೂನು." ರೈಲ್ವೆಯವರಿಗೆ ವರ್ಷಕ್ಕಿಷ್ಟು ಅಂತ ಸಿಗುವ ಪಾಸನ್ನು ಆಕೆ ಕಾಶಿಗೆಂದು ಜೋಪಾನ ಮಾಡಿಟ್ಟಿದ್ದಳು. ಅದನ್ನೇ ಮಚಲೀಪಟ್ನಂಗೆ ಬರೆಸಿಕೊಂಡು ಬಂದಳು.

ದಂಡೆಗೆ ಬಂದಾಗ ಬೆಳಗಿನ ಬಿಸಿಲು ಆಗಷ್ಟೇ ಏರುತ್ತಿತ್ತು. ವೈಜನಾಥ ಚಪ್ಪಲಿ ಬಿಚ್ಚಿದ. ಯಾಕೆ ಬಿಚ್ಚಿದೆನೆಂದು ಅವನಿಗೇ ಗೊತ್ತಿಲ್ಲ, ಗುಡಿಯ ಮುಂದೆ ಬಿಚ್ಚಿದ ಹಾಗೆ ಬಿಚ್ಚಿದ. ಮುಂದೆ ನೀರು, ಅದರಾಚೆ ನೀರು, ಅದರಾಚೆಗೂ ನೀರು. ಎಲ್ಲಿ ನೀರು ಮುಗಿದು ಎಲ್ಲಿ ಮುಗಿಲು ಹತ್ತಿತೋ ಗೊತ್ತಾಗದು. ಆ ಸದ್ದು ಕಿವಿಯಲ್ಲಲ್ಲ, ಎದೆಗೂಡಿನಲ್ಲಿ ಕೇಳುತ್ತಿತ್ತು.

"ಯವ್ವಾ!" ಎಂದ. ಆಮೇಲೆ, "ಗುರುದೇವಿ, ಇದನ್ನ ನಾ ಬಕೇಟಿನ್ಯಾಗ ಮಾಡಿದ್ನಲ್ಲಾ!" ಎಂದು ನಗಲು ಹೋದವನಿಗೆ ಮೈಯೆಲ್ಲ ಜುಮ್ಮೆಂದಿತು. ಕಾಲ ಬುಡಕ್ಕೆ ತೆರೆಯೊಂದು ಬಂದು ಹಿಂದೆ ಸರಿದಾಗ ಮರಳಲ್ಲಿ ಅರ್ಧ ಹೂತ ಕವರೊಂದು ಕಂಡಿತು. ಬಗ್ಗಿ ಎತ್ತಿ ನೋಡಿದ. ಹೈದರಾಬಾದಿನ ಮಿಠಾಯಿ ಅಂಗಡಿಯದು, ಮೇಲಿನ ಅಕ್ಷರ ಕೂಡ ಮಾಸಿರಲಿಲ್ಲ. ನಾಲಾದಿಂದ ಮೂಸಿ, ಮೂಸಿಯಿಂದ ಕೃಷ್ಣಾ, ಕೃಷ್ಣಾದಿಂದ ಇಲ್ಲಿ ತನಕ ಹರಿದು ಬಂದಿತ್ತೋ, ಯಾವ ಪ್ರವಾಸಿ ಎಸೆದು ಹೋಗಿದ್ದನೋ, ಅಂತೂ ತನಗಿಂತ ಮೊದಲೇ ಬಂದು ಕೂತಿದೆಯಲ್ಲ ಎಂದುಕೊಂಡು ಅದರ ಮರಳು ಕೊಡವಿ ಜೇಬಿಗಿಟ್ಟ.

ದೋಣಿ ಕಟ್ಟುವ ಅಳಿವೆಯ ಕಡೆ ನಡೆದರು. ಅಲ್ಲಿ ನೀರಿನಲ್ಲಿ ಮರದ ಗೂಟಗಳನ್ನು ನೆಟ್ಟಿದ್ದರು. ಒಂದನ್ನು ಹಿಡಿದ ವೈಜನಾಥ ಕೈಯನ್ನು ಸರಕ್ಕನೆ ಎಳೆದುಕೊಂಡ. ಲೋಳೆ ಲೋಳೆ. ಬಗ್ಗಿ ನೋಡಿದ. ಹಸಿರು ಪಾಚಿ, ಅದರ ಮೇಲೆ ಚಿಪ್ಪು, ಚಿಪ್ಪಿನ ಸಂದಿಯಲ್ಲಿ ಹುಳ, ಹುಳದ ಸುತ್ತ ಕೂದಲೆಳೆಯಂಥ ಮೀನುಮರಿ. ಗೂಟದ ಮೈತುಂಬ ತೂತು, ಒಳಗೊಳಗೇ ಏನೋ ಅದನ್ನು ಮೆಲ್ಲುತ್ತಿತ್ತು. ಬೊಗಸೆಯಲ್ಲಿ ನೀರೆತ್ತಿಕೊಂಡ. ಬಿಸಿಲಿಗೆ ಹಿಡಿದರೆ ಅದರಲ್ಲೂ ಎಂಥದೋ ಚುಕ್ಕಿಗಳು ಓಡಾಡುತ್ತಿದ್ದವು.

ಫಟ್ಟನೆ ಹಣೆ ಬಡಿದುಕೊಂಡ. "ಅಯ್ಯ ನನ್ನ ಶಾಣ್ಯಾತನಕ್ಕ ಬೆಂಕಿ ಬೀಳ್ಲಿ! ನೀರು ಕುದಿಸಿದ್ನೆ! ಸೋಸಿದ್ನೆ! ಮ್ಯಾಲ ಬಟ್ಟಿ ಬ್ಯಾರೆ ಕಟ್ಟಿದ್ನೆ!"

"ಏನಾತ್ರಿ?" ಗುರುದೇವಿ ಗಾಬರಿಯಾದಳು.

"ಅನ್ನಾ ನೀಡಿ ಉಣ್ಣಾವ್ರನ್ನ ಹೊರಗ ಹಾಕಿದ್ನೆ! ಉಪ್ಪಿನ ನೀರಲ್ಲ ಇದು, ಇದರ ತುಂಬ ಜೀವ ಐತಿ. ನನ್ನ ಬಕೇಟಿನ್ಯಾಗ ಏನಿತ್ತು? ಹೆಣದಂಥಾ ನೀರು."

ಗುರುದೇವಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಮರಳ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಚಹಾದ ಕಪ್ಪು ತೊಳದಂಗ ಸಮುದ್ರಾನೂ ತೊಳದೀರಿ! ನಿಮ್ಮಂಥಾವ್ರು ಇನ್ನೊಬ್ಬರಿಲ್ಲ ಬಿಡ್ರಿ!"

ಆದರೆ ಗೊತ್ತಾಗುವುದು ಬೇರೆ, ಆಗುವುದು ಬೇರೆ. ತಂದಿದ್ದ ಚೀಲವನ್ನು ಬಲೆಯ ತುಂಡಿನಲ್ಲಿ ಸುತ್ತಿ, ಒಬ್ಬ ಮುದಿ ಮೀನುಗಾರನನ್ನು ತೆಲುಗಿನಲ್ಲಿ ಕಾಡಿ ಬೇಡಿ, ಅವನ ಗೂಟಕ್ಕೆ ನೀರಿನಡಿಯಲ್ಲಿ ಕಟ್ಟಿಸಿ ಊರಿಗೆ ಬಂದರು. ದೀಪಾವಳಿ ಹೋಯಿತು. ಎಳ್ಳಮಾವಾಸ್ಯೆ ಹೋಯಿತು. ವೈಜನಾಥ ಶೆಡ್ಡಿಗೆ ಹೋಗದಾದ, ಹೋದರೂ ಸುಮ್ಮನೆ ಕೂತು ಬಂದ. ಫ್ಯಾಕ್ಟರಿಯಿಂದ ಎರಡು ಸಲ ಹೇಳಿ ಕಳಿಸಿದರು. ಸಂಕ್ರಾಂತಿಯ ಹಿಂದಿನ ವಾರ ಗುರುದೇವಿ ತನ್ನ ಹೊಸ ವರ್ಷದ ಪಾಸನ್ನೂ ಬರೆಸಿಕೊಂಡು ಬಂದಳು. "ಕಾಶಿ ಎಲ್ಲೂ ಓಡಿ ಹೋಗೂದಿಲ್ಲ, ನಡೀರಿ," ಎಂದಳು.

ಮುದುಕ ದೋಣಿಯಿಂದಲೇ ಗೂಟ ತೋರಿಸಿದ. ವೈಜನಾಥ ಅಂಗಿ ಮೇಲೇರಿಸಿ ಸೊಂಟದುದ್ದ ನೀರಿಗಿಳಿದ. ಗಂಟು ಬಿಚ್ಚಿದ. ಬಲೆಯ ತುಂಡು ಮೇಲೆ ಬಂತು. ಬಿಡಿಸಿದ. ಚೀಲವಿಲ್ಲ. ಚೂರಿಲ್ಲ, ಎಳೆಯಿಲ್ಲ, ವಾಸನೆಯಿಲ್ಲ. ಬಲೆಯ ಕಣ್ಣುಗಳಲ್ಲಿ ಸಿಕ್ಕಿದ್ದ ಸಿಗಡಿಮರಿಗಳು ಪಟಪಟ ಕಾಲು ಬಡಿದು ಅಂಗೈಯಿಂದ ನೀರಿಗೆ ಹಾರಿಕೊಂಡವು.

ಅವನು ಅಲ್ಲೇ ನಿಂತ. ಆ ದೊಡ್ಡ ನೀರು ಅವನ ಸೊಂಟವನ್ನು ತಟ್ಟಿ ತಟ್ಟಿ ಹೋಗುತ್ತಿತ್ತು. ದಂಡೆಯ ಮೇಲಿದ್ದ ಗುರುದೇವಿ ತಾನೇ ಮೋಹನನಿಗೆ ಮೊಬೈಲ್ ಹಚ್ಚಿ, ನೀರಿಗೆ ಬಂದು ಗಂಡನ ಕಿವಿಗೆ ಹಿಡಿದಳು.

"ಕಾಕಾ, ಕರಗಿತೇನು?"

"ಇಲ್ಲಪಾ, ಕರಗಲಿಲ್ಲ. ತಿಂದಾವು."

"ತಿಂದಾವಾ? ಯಾರ್ರೀ ತಿಂದವ್ರು?"

ವೈಜನಾಥ ನೀರಿನ ಕಡೆ ನೋಡಿದ. "ಎಲ್ಲಾ ನನ್ನ ಕಣ್ಣಿಗೆ ಕಾಣವಲ್ಲವು, ಮೋಹನಾ. ಆದ್ರ ಭಾಳ ಅದಾವು. ನಾವು ಜ್ವಾಳ ಕೊಟ್ರ ಒಂದ ಅಗಳೂ ಬಿಡದಂಗ ಉಂಡಾವು."

ಗುರುದೇವಿ ಫೋನನ್ನು ತನ್ನ ಕಿವಿಗೆ ಹಿಡಿದಳು. "ಹೂಂ ಅಂದಾರ ಅಂತ ತಿಳ್ಕೋ, ಮೋಹನಾ. ಅಚ್ಚಿನ ಮಾತು ನಾಳೆ ಆಡೂನು. ಈಗ ನಿಮ್ಮ ಕಾಕಾ ಅಳಾಕತ್ತಾರ," ಎಂದಳು. ಆಕೆಯ ಕಣ್ಣೂ ಒಣಗಿರಲಿಲ್ಲ.