ಹತ್ತು ಭಾನುವಾರದ ಮಾತು

ನನ್ನ ಮೊಮ್ಮಗಳು ಹತ್ತು ಭಾನುವಾರ ಎದುರಿಗೆ ಕೂತು ನನ್ನ ಮಾತು ಕೇಳಿದ್ದು ಕಾಲೇಜಿನ ಮಾರ್ಕ್ಸಿಗೋಸ್ಕರ. ಅವಳ ತಪ್ಪೇನಿಲ್ಲ. ಬೇರೆ ಏನೋ ಅಂದುಕೊಂಡವಳು ನಾನು.

ಮಂಡ್ಯದ ಕ್ರಿಶ್ಚಿಯನ್ ಕಾಲೇಜಲ್ಲಿ ಅವಳ ಓದು. ಸಂಸಾರದಲ್ಲಿ ಕಷ್ಟ ಬಿದ್ದವರಿಗೆ, ದಾರಿ ತಪ್ಪೋ ವಯಸ್ಸಿನ ಮಕ್ಕಳಿಗೆ ಹೆಂಗೆ ನೆರವಾಗಬೇಕು ಅಂತ ಕಲಿಸ್ತಾರಂತೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ಇದಕ್ಕೂ ಒಂದು ಓದಾ ಅಂತ ನಕ್ಕಿದ್ದೆ. ಯಾರಾದರೂ ಒಬ್ಬರ ಕಷ್ಟ ಹತ್ತು ಸಲ ಕೂತು ಕೇಳಿ ಬರಕೊಂಡು ಬನ್ನಿ ಅಂದರಂತೆ. ಹಾಸ್ಟೆಲಿಂದ ಮಳವಳ್ಳಿಯ ನಮ್ಮ ಮನೆಗೆ ಬಂದು ನನ್ನನ್ನು ಹಿಡಿದಳು.

"ನಿನ್ನ ಹೆಸರು ಬರೆಯಲ್ಲ ಅಜ್ಜಿ. ಕ್ಲೈಂಟು ಅಂತ ಬರೀತೀನಿ."

"ಏನಾರ ಬರ್ಕೊ."

ಆ ಒಂದು ಗಂಟೆ ನಾನು ಅವಳಿಗೆ 'ನೀವು'. ಅವಳು ಬುದ್ಧಿ ಹೇಳಂಗಿಲ್ಲ, ತಪ್ಪು ಅನ್ನಂಗಿಲ್ಲ, ನಾನು ಹೇಳಿದ್ದನ್ನೇ ತಿರುಗಿ ಹೇಳಬೇಕು.

"ಸೊಸೆ ಮಾತಾಡ್ಸಲ್ಲ ಅಂತ ನಿಮಗೆ ಬೇಜಾರಾಗಿದೆ."

"ಅದ್ನೇ ಅಲ್ವೇನೇ ನಾನ್ ಏಳಿದ್ದು? ಗಿಣಿ ಆಡ್ದಂಗೆ ಆಡ್ತೀಯಲ್ಲೇ!"

ನಗುತ್ತಿದ್ದೆವು. ಆದರೂ ಭಾನುವಾರ ಬಂತು ಅಂದರೆ ಬೆಳಗ್ಗೆನೇ ತಲೆ ಬಾಚಿಕೊಂಡು ಕೂರುತ್ತಿದ್ದೆ. ಮನೆ ತುಂಬ ಜನ ಇದ್ದಾರೆ. ಉಂಡ್ಯಾ, ಮಾತ್ರೆ ತಗಂಡ್ಯಾ, ಅಷ್ಟೇ ಅವರ ಮಾತು.

ಒಂಬತ್ತನೇ ಸಲ ಯಾರಿಗೂ ಹೇಳದಿದ್ದದ್ದನ್ನು ಹೇಳಿಬಿಟ್ಟೆ. ನಮ್ಮವ್ವ ನನ್ನ ಮನೆಯಲ್ಲಿ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಳು. ಬೆಳಕವಾಡಿಗೆ ಕೊಟ್ಟಿರೋ ನನ್ನ ತಂಗಿ ಒಂದು ದಿನಕ್ಕೂ ಬಂದು ಮೈ ತೊಳೆಯಲಿಲ್ಲ. ಅವ್ವ ಸತ್ತಾಗ ನಾನು ಅವಳಿಗೆ ಹೇಳಿಕಳಿಸಲಿಲ್ಲ. ಇದ್ದಾಗ ಬರದವಳಿಗೆ ಸತ್ತ ಮೇಲೆ ಯಾಕೆ ಮುಖ ತೋರಿಸಬೇಕು ಅಂದುಕೊಂಡೆ. ಹೇಳಕ್ಕೆ ಹೋದವನಿಗೆ ಬಸ್ಸು ತಪ್ಪಿತು ಅಂತ ಎಲ್ಲರನ್ನೂ ನಂಬಿಸಿದೆ. ಯಾರಿಂದಲೋ ಸುದ್ದಿ ತಿಳಿದು ಅವಳು ಬರೋ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಹಸಿ ಮಣ್ಣಿನ ಮೇಲೆ ಬಿದ್ದು ಹೊರಳಾಡಿದಳು. ನಾನೇ ಎತ್ತಿ ಕೂರಿಸಿದೆ.

ಮೊಮ್ಮಗಳು ಬರೆಯೋದು ನಿಲ್ಲಿಸಿ ನೋಡಿದಳು. "ಇಷ್ಟು ವರ್ಷ ಒಬ್ಬರೇ ಇದನ್ನ ಹೊತ್ಕೊಂಡಿದ್ದೀರ" ಅಂದಳು. ನನಗೆ ಬೇಕಾಗಿದ್ದು ಒಂದು ಬೈಗುಳ. ಬೈಯಲಿಲ್ಲ.

ಹತ್ತನೇ ಭಾನುವಾರ ಒಂದು ಹಾಳೆ ಮುಂದೆ ಇಟ್ಟಳು.

"ಇಲ್ಲಿ ಸೈನ್ ಹಾಕಜ್ಜಿ, ಮುಗೀತು. ಒಂಬತ್ತನೇದು ನಮಗೆ ಪಾಠ ಮಾಡೋ ಸಿಸ್ಟರಿಗೆ ತುಂಬ ಇಷ್ಟ ಆಯ್ತು. ಕ್ಲಾಸಿಗೆಲ್ಲ ನಂದೇ ಜಾಸ್ತಿ ಮಾರ್ಕ್ಸು!"

"ಬರೋ ಭಾನುವಾರ?"

"ಮದ್ದೂರಲ್ಲಿ ಹುಡುಗೀರ ಹಾಸ್ಟೆಲಿಗೆ ಕೆಲಸ ಕಲಿಯೋಕೆ ಹಾಕಿದ್ದಾರೆ. ಭಾನುವಾರಾನೂ ಹೋಗ್ಬೇಕು."

ಸೈನ್ ಹಾಕಿದೆ. ಸಂಜೆ ಬಸ್ಸಿಗೆ ಹೊರಟಳು. ನನ್ನ ಅವ್ವನ ಸಾವು ಅವಳ ಬ್ಯಾಗಲ್ಲಿ ಮತ್ತೆ ಮಂಡ್ಯಕ್ಕೆ ಹೋಯಿತು. ಅಲ್ಲಿ ಯಾರೋ ಆಗಲೇ ಓದಿ ಚೆನ್ನಾಗಿದೆ ಅಂದಿದ್ದರು. ಕೇಳಬೇಕಾದವಳು ಹತ್ತಾರು ಮೈಲಿ ದೂರದಲ್ಲಿ ಏನೂ ಗೊತ್ತಿಲ್ಲದೆ ಕೂತಿದ್ದಳು.

ಮಾರನೇ ಬೆಳಗ್ಗೆ ಮನೆಯಲ್ಲಿ ಯಾರಿಗೂ ಹೇಳದೆ ಬೆಳಕವಾಡಿ ಬಸ್ಸು ಹತ್ತಿದೆ. ತಂಗಿ ಬಾಗಿಲಿಗೆ ನೀರು ಹಾಕುತ್ತಿದ್ದಳು. ನನ್ನ ಕಂಡು ಬಿಂದಿಗೆ ಕೆಳಗಿಟ್ಟಳು.

"ಯಾರಕ್ಕ ತೀರೋಗ್ಬುಟ್ರು?"

"ಯಾರೂ ಓಗಿಲ್ಲ ಕಣೆ," ಅಂದೆ. "ಅವ್ವ ಸತ್ತಾಗ ಯಾರ್ಗೂ ಬಸ್ಸು ತಪ್ಪಿರ್ನಿಲ್ಲ. ನಾನೇ ನಿಂಗೆ ಏಳ್ಕಳಿಸ್ನಿಲ್ಲ."