ಕಾಕೂ ಉಳಿಸಿಕೊಂಡ ಕೆಳಗಿನ ಸಾಲು

ಕಾಕೂನ ಬಲಗೈ ಮಣಿಕಟ್ಟಿನ ಮೇಲೆ ಯಾವಾಗಲೂ ಒಂದು ಬೂದು ಕಾಲುಚೀಲ ಇರುತ್ತಿತ್ತು. ಅವರ ಮಗ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದದ್ದು. ಅದರ ತುದಿ ಕತ್ತರಿಸಿ, ಕೈಗೆ ಮುಲಾಮು ಹಚ್ಚಿದ ಮೇಲೆ ಬಿಗಿಯಾಗಿ ಏರಿಸಿಕೊಳ್ಳುತ್ತಿದ್ದರು. ಕುರ್ಲಾದ ನಮ್ಮ ಚಾಳಿನ ಸಾಲುಕೋಣೆಗಳಲ್ಲಿ ಅವರ ಖೋಲಿ ಯಾವುದೆಂದು ಕೇಳಬೇಕಿರಲಿಲ್ಲ, ಮುಲಾಮಿನ ವಾಸನೆ ಹಿಡಿದು ಹೋದರೆ ಸಾಕಾಗಿತ್ತು.

ಅವರು ನಮಗೆ ನೆಂಟರಲ್ಲ. ವಿಜಯಪುರದ ಕಡೆಯವರು, ನಾವು ಧಾರವಾಡದವರು. ಅಷ್ಟಕ್ಕೇ ನನಗೆ ಚಿಕ್ಕಮ್ಮನಂತೆ ಕಾಕೂ ಆದರು. ಖೋಲಿಯ ಮುಂಭಾಗದಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆಗಳನ್ನು ಟೈಪ್ ಮಾಡಿ ಪ್ರೆಸ್ಸಿಗೆ ಕೊಡುತ್ತಿದ್ದರು. ನಾನು ಇಂಗ್ಲಿಷ್ ಶಾಲೆಯವನು, ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನನ್ನನ್ನು ಹಿಡಿದು ಕೂರಿಸಿ, ಪ್ರೂಫ್ ಓದಿಸಿ, ಓದಲು ಕಲಿಸಿದವರು ಕಾಕೂ. "ಜೋರಾಗಿ ಓದು. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗತದ," ಎನ್ನುತ್ತಿದ್ದರು. ಮದುಮಗಳ ಹೆಸರಲ್ಲಿ ನಾನು ತಪ್ಪು ಬಿಟ್ಟರೆ, "ನಾಳೆ ಅಕಿ ಅತ್ತಿ ನಿನ್ನ ಹುಡಿಕ್ಕೊಂಡ ಬರ್ತಾಳ ನೋಡು," ಎಂದು ಹೆದರಿಸುತ್ತಿದ್ದರು.

ಆ ಕಂಪ್ಯೂಟರಿನ ಗೋಳು ಶುರುವಾದದ್ದು ರಿಪೇರಿಯವನಿಂದ. ಒಮ್ಮೆ ಅದು ತಡವರಿಸತೊಡಗಿದಾಗ, ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆಯದೆ ಪಕ್ಕದಲ್ಲೇ ಅದನ್ನೇ ಇನ್ನೊಂದು ಸಲ ಹಾಕಿ ಹೋದ. ಅಂದಿನಿಂದ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದೇ ಹೆಸರಿನ ಎರಡು ಸಾಲು. ಮೇಲಿನದು ಹೊಸದು, ಇಂಗ್ಲಿಷ್ ಕಾರ್ಡಿನ ತಂತ್ರಾಂಶವೆಲ್ಲ ಅದರಲ್ಲಿ. ಕೆಳಗಿನದು ಹಳೆಯದು; ಕಾಕೂನ ಬೆರಳುಗಳಿಗೆ ಗೊತ್ತಿದ್ದ ಕನ್ನಡ ಅದರಲ್ಲಿ ಮಾತ್ರ ಇತ್ತು. ಆ ಕನ್ನಡ ತಂತ್ರಾಂಶದ ಸಿ.ಡಿ. ಕಳೆದುಹೋಗಿದ್ದರಿಂದ ಹೊಸದರಲ್ಲಿ ಹಾಕುವಂತಿರಲಿಲ್ಲ. ಕೆಳಬಾಣದ ಕೀಲಿ ಒತ್ತದೆ ಸುಮ್ಮನಿದ್ದರೆ ಮೇಲಿನದೇ ತೆರೆದುಕೊಳ್ಳುತ್ತಿತ್ತು. ಒಲೆಯ ಮೇಲಿನ ಹಾಲು ನೋಡಲು ಎದ್ದರೆ ಮುಗಿಯಿತು, ಮತ್ತೆ ಆಫ್ ಮಾಡಿ ಮೊದಲಿಂದ ಶುರು.

ಡಿಸ್ಕ್ ತುಂಬಿತು. ಕೆಲಸದ ನಡುವೆಯೇ ಮಷೀನು ನಿಲ್ಲತೊಡಗಿತು. ಅಷ್ಟರಲ್ಲಿ ಮಣಿಕಟ್ಟೂ ಸೋತಿತ್ತು, ಹೀಗೇ ಟೈಪ್ ಮಾಡಿದರೆ ಕೈಯೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಒಂದು ಭಾನುವಾರ ಕಾಕೂ ನನ್ನನ್ನು ಕರೆದರು.

"ತಮ್ಮಾ, ಇರೋ ಒಂದ ಕೈಗೆ ಎರಡೆರಡು ಸಂಸಾರ. ಸಾಕಾಗೇದ. ಒಂದನ್ನ ಅಳಿಸಿ ಬಿಡು."

ಯಾವುದನ್ನು ಎಂದು ನಾನು ಕೇಳಲೇ ಇಲ್ಲ. ಬರುತ್ತಿದ್ದ ಕೆಲಸವೆಲ್ಲ ಇಂಗ್ಲಿಷಿನದು. ದೇವರ ಮುಂದಿಡಲು, ಊರಿನ ಹಿರಿಯರಿಗೆ ಕಳಿಸಲು ಎಂದು ಕನ್ನಡ ಪತ್ರಿಕೆ ಮಾಡಿಸುವವರು ಎಲ್ಲೋ ಒಬ್ಬರು. ಉಳಿಯಬೇಕಾದುದನ್ನು ಚಾಲೂ ಮಾಡಿ, ಅದರೊಳಗೆ ಕೂತು ಇನ್ನೊಂದನ್ನು ಅಳಿಸಬೇಕು. ನಾನು ಮೇಲಿನದನ್ನು ಚಾಲೂ ಮಾಡಿದೆ. ಕಾಕೂ ಕಾಲುಚೀಲದ ಕೈ ಚಾಚಿ ಮೌಸ್ ಹಿಡಿದುಬಿಟ್ಟರು.

"ಇದಲ್ಲೋ. ಕೆಳಗಿಂದು ಚಾಲೂ ಮಾಡು, ಮ್ಯಾಲಿಂದು ಅಳಸು."

"ಕಾಕೂ, ಹೊಟ್ಟಿಪಾಡು ನಡಿಯೋದು ಮ್ಯಾಲಿಂದರ ಮ್ಯಾಲಲ್ಲ?"

"ಇಂಗ್ಲಿಷಿಂದು ಸ್ಟೇಷನ್ ಮುಂದ ಯಾರ ಬೇಕಾದ್ರೂ ಮಾಡಿಕೊಡ್ತಾರ. ಮಗ ಎರಡು ರೊಟ್ಟಿ ಹಾಕ್ತಾನ. ಈ ಕೈಯಾಗ ಇನ್ನ ಎಷ್ಟ ಅಕ್ಷರ ಉಳದಾವೋ, ಅವು ಕನ್ನಡದ್ದ ಇರಲಿ."

ನನಗೆ ಸಿಟ್ಟು ಬಂತು. ಆದರೂ ಹೇಳಿದಂತೆ ಮಾಡಿದೆ. ಅಳಿಸುವ ಕೆಲಸ ತೆವಳುತ್ತಿದ್ದಷ್ಟು ಹೊತ್ತು ಅವರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ಮತ್ತೆ ಆನ್ ಮಾಡಿದಾಗ ಮಷೀನು ಏನೂ ಕೇಳದೆ ತೆರೆದುಕೊಂಡಿತು. ಕಾಕೂನ ಬೆರಳು ಮಾತ್ರ ರೂಢಿಯಂತೆ ಕೆಳಬಾಣದ ಕೀಲಿ ಒತ್ತಿತು.

ಆಮೇಲೆ ಇಂಗ್ಲಿಷ್ ಕಾರ್ಡಿನವರು ಬರುವುದು ನಿಂತಿತು. ಕನ್ನಡದವರು ಮೊದಲೇ ಕಡಿಮೆ. ಕಾಕೂ ಮಷೀನಿನ ಮುಂದೆ ಸುಮ್ಮನೆ ಕೂತಿರುತ್ತಿದ್ದರು, ಬೇಜಾರಾಗುವುದಿಲ್ಲವೇ ಎಂದರೆ "ಕೈಗೆ ಆರಾಮ ಅದ" ಎನ್ನುತ್ತಿದ್ದರು. ಅವರು ಕೊನೆಯದಾಗಿ ಟೈಪ್ ಮಾಡಿದ್ದು ನನ್ನ ಲಗ್ನಪತ್ರಿಕೆ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು.

ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅವರ ಮಗ ಬೇಕೇ ಎಂದು ನನ್ನನ್ನು ಕೇಳಿದ. ಈಗ ಅದು ಕಾಂದಿವಲಿಯ ನನ್ನ ಮನೆಯಲ್ಲಿದೆ. ಬಾಂದ್ರಾದ ಆಫೀಸಿನಿಂದ ಹೈರಾಣಾಗಿ ಬಂದು ಅದರ ಮುಂದೆ ಕೂರುತ್ತೇನೆ. ಇದನ್ನು ಅದರಲ್ಲೇ ಟೈಪ್ ಮಾಡಿ ಎರಡು ಸಲ ಜೋರಾಗಿ ಓದಿದೆ. ತಪ್ಪು ಉಳಿದಿದ್ದರೆ ಬೈಯಲು ಕಾಕೂ ಇಲ್ಲ.