ಮುಂದಿನ ವರ್ಷದ ತಾರೀಖು

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡಿದೆ; ಜಾಣರಿಗೆ ತಪ್ಪೊಪ್ಪಿಕೊಳ್ಳಲು ಪುರುಸೊತ್ತೆಲ್ಲಿ?

ನಿಪ್ಪಾಣಿಯಿಂದ ಕಂಪ್ಯೂಟರ್ ರಿಪೇರಿಗೆ ಬರುತ್ತಿದ್ದವಳು ಸೆರಗಿನಿಂದ ಪರದೆ ಒರೆಸುತ್ತ, "ಯಾರೂ ಏನೂ ಮಾಡಿಲ್ಲ, ತಾನ ಕೆಟ್ಟೈತಿ, ಹೌದಲ್ರಿ ಕಾಕಾ?" ಎಂದು ನಗುತ್ತಿದ್ದಳು.

ಒಮ್ಮೆ ಬ್ರೌಸರಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ತಮ್ಮ ಶಾಲೆಯ ಕಂಪ್ಯೂಟರುಗಳನ್ನು ಅವಳಿಗೆ ಒಪ್ಪಿಸಬೇಕೆಂದಿದ್ದ ಬೀಗರು ಅಂದು ನಮ್ಮ ಮನೆಯಲ್ಲೇ ಇದ್ದರು. "ಹ್ವಾದ ವಾರ ನೀನ ಕೆಡಿಸಿ ಹೋಗೀದಿ," ಎಂದು ಅವರೆದುರೇ ಗದರಿದೆ.

ಅವಳು ಪರದೆಯ ಮೂಲೆಯ ತಾರೀಖಿಗೆ ಬೆರಳಿಟ್ಟಳು. ತಾರೀಖು ತಪ್ಪಿದರೆ ಬ್ರೌಸರ್ ಯಾವ ಪುಟವನ್ನೂ ನಂಬುವುದಿಲ್ಲವಂತೆ. ಮೊಮ್ಮಗಳ ಮದುವೆ ಯಾವ ವಾರ ಬರುತ್ತದೆಂದು ನೋಡಲು, ಕ್ಯಾಲೆಂಡರಿನ ಹಾಳೆ ಮಗುಚಿದಂತೆ ಅದನ್ನು ಮುಂದಿನ ವರ್ಷಕ್ಕೆ ಮಗುಚಿಟ್ಟಿದ್ದವನು ನಾನೇ.

"ಇದನ್ನ ಯಾರ ಬದಲಿ ಮಾಡ್ಯಾರವಾ?" ಎಂದರು ಬೀಗರು.

ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

"ನನ್ನ ಕೈತಪ್ಪರಿ," ಎಂದಳು.

ನಾನು ದೊಡ್ಡ ಮನಸ್ಸು ಮಾಡಿ ಅವಳನ್ನು ಕ್ಷಮಿಸಿದೆ. ಶಾಲೆಯ ಕೆಲಸ ಬೇರೆಯವರ ಪಾಲಾಯಿತು. ಇಂದಿಗೂ ನಾನು ಕ್ಷಮೆ ಕೇಳದೆ ಉಳಿದಿರುವುದು ಅವಳನ್ನೇ, ಆ ನಿಪ್ಪಾಣಿಯ ರಿಪೇರಿಯವಳನ್ನು.